ಸೇನೆ ಹೊರಟಿತು, ಹಣದ ಹಿಡಿತ ಉಳಿಯಿತು

ಮಾನ್ಯ ಸಂಪಾದಕರೇ,

ಪಶ್ಚಿಮ ಮತ್ತು ಮಧ್ಯ ಆಫ್ರಿಕಾದಿಂದ ಫ್ರಾನ್ಸಿನ ಸೇನೆ ಒಂದೊಂದೇ ದೇಶವನ್ನು ಬಿಟ್ಟು ಹೊರಟ ಸುದ್ದಿಯನ್ನು ನಮ್ಮ ಕನ್ನಡ ಪತ್ರಿಕೆಗಳು ಕಳೆದ ಕೆಲವು ವರ್ಷಗಳಿಂದ ಬಿಡಿಬಿಡಿಯಾಗಿ ಪ್ರಕಟಿಸುತ್ತ ಬಂದಿವೆ. 2022ರ ಆಗಸ್ಟಿನಲ್ಲಿ ಮಾಲಿ, 2023ರ ಆರಂಭದಲ್ಲಿ ಬುರ್ಕಿನಾ ಫಾಸೊ, ಅದೇ ವರ್ಷದ ಕೊನೆಗೆ ನೈಜರ್, 2025ರ ಜನವರಿಯಲ್ಲಿ ಚಾಡ್, ಜುಲೈಯಲ್ಲಿ ಸೆನೆಗಲ್, ಹೀಗೆ ಆ ಪಟ್ಟಿ ಬೆಳೆಯಿತು. ಈ ಸುದ್ದಿಗಳ ಬೆನ್ನಿಗೆ ಬರುವ ವಿಶ್ಲೇಷಣೆಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಅಭಿಪ್ರಾಯ ಕಾಣುತ್ತದೆ. ವಸಾಹತುಶಾಹಿಯ ಕೊನೆಯ ಕೊಂಡಿ ಈಗ ಕಳಚಿತು ಎಂಬ ಸಂಭ್ರಮ ಒಂದು, ಫ್ರಾನ್ಸ್ ಎದ್ದ ಜಾಗದಲ್ಲಿ ರಷ್ಯಾ ಬಂದು ಕೂತಿತು ಎಂಬ ಆತಂಕ ಇನ್ನೊಂದು. ಎರಡರಲ್ಲೂ ಸತ್ಯಾಂಶವಿದೆ. ಆದರೆ ಎರಡೂ ಗಮನಿಸದೆ ಬಿಡುವ ಸಂಗತಿಯೊಂದಿದೆ. ಫ್ರೆಂಚ್ ಸೈನಿಕರನ್ನು ಹೊರಗಟ್ಟಿದ ಇದೇ ಮಾಲಿ, ಬುರ್ಕಿನಾ ಫಾಸೊ ಮತ್ತು ನೈಜರ್ ದೇಶಗಳ ಸಂತೆಗಳಲ್ಲಿ ಇಂದಿಗೂ ಕೈಯಿಂದ ಕೈಗೆ ಸಾಗುವ ಹಣ ಸಿಎಫ್‌ಎ ಫ್ರಾಂಕ್. ಅದನ್ನು ‘ಆಫ್ರಿಕಾದ ಫ್ರೆಂಚ್ ವಸಾಹತುಗಳ ಫ್ರಾಂಕ್’ ಎಂಬರ್ಥದ ಹೆಸರಿನಲ್ಲಿ 1945ರ ಡಿಸೆಂಬರ್ 26ರಂದು ಹುಟ್ಟುಹಾಕಿದ್ದು ಪ್ಯಾರಿಸ್ಸಿನ ಸರ್ಕಾರ. ಅದರ ನೋಟುಗಳು ದಶಕಗಳಿಂದ ಅಚ್ಚಾಗುತ್ತ ಬಂದದ್ದು ಫ್ರಾನ್ಸಿನ ಶಮಲಿಯೇರ್ ಎಂಬ ಊರಿನ ಮುದ್ರಣಾಲಯದಲ್ಲಿ. ಅದರ ಬೆಲೆಯನ್ನು ಯುರೋಪಿನ ಹಣಕ್ಕೆ ಕಟ್ಟಿಹಾಕಿದ ಗಂಟು ಇನ್ನೂ ಸಡಿಲಗೊಂಡಿಲ್ಲ.

ಹಳೆಯ ಒಡೆಯನಿಗೂ ಹೊಸದಾಗಿ ಸ್ವತಂತ್ರವಾದ ಬಡ ದೇಶಕ್ಕೂ ಇರುವ ಸಂಬಂಧವನ್ನು ಧ್ವಜ, ಸೇನೆ ಮತ್ತು ರಾಯಭಾರಿಗಳ ಲೆಕ್ಕದಲ್ಲಿ ಅಳೆಯುವುದು ಸಾಲದು. ಆ ದೇಶದ ಹಣದ ಬೆಲೆಯನ್ನು ಯಾರು ನಿರ್ಧರಿಸುತ್ತಾರೆ, ಅದರ ನೆಲದಿಂದ ತೆಗೆದ ವಸ್ತು ಯಾವ ರೂಪದಲ್ಲಿ ಹೊರಗೆ ಹೋಗುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಕೇಳಿದಾಗ ಮಾತ್ರ ಆ ಸಂಬಂಧದ ನಿಜವಾದ ಸ್ವರೂಪ ತಿಳಿಯುತ್ತದೆ ಎಂಬುದು ಅರ್ಥಶಾಸ್ತ್ರವನ್ನು ಕಲಿಸುತ್ತ ಬದುಕಿದ ನನ್ನ ದೃಢವಾದ ನಂಬಿಕೆ. ಎರಡನೆಯ ಪ್ರಶ್ನೆ ನಮ್ಮ ಕರಾವಳಿಯ ಅಂಗಳಕ್ಕೂ ಬಂದು ನಿಲ್ಲುವುದರಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪು ಕಲ್ಪನೆಯನ್ನು ತಿದ್ದಬೇಕು. ಹದಿನಾಲ್ಕು ಆಫ್ರಿಕನ್ ದೇಶಗಳು ಇಂದಿಗೂ ಫ್ರಾನ್ಸಿಗೆ ‘ವಸಾಹತು ತೆರಿಗೆ’ ಕಟ್ಟುತ್ತಿವೆ, ಅದರಿಂದ ಫ್ರಾನ್ಸ್ ವರ್ಷಕ್ಕೆ ಲಕ್ಷಾಂತರ ಕೋಟಿ ಗಳಿಸುತ್ತಿದೆ ಎಂಬ ಸಂದೇಶಗಳು ಸಾಮಾಜಿಕ ಜಾಲತಾಣಗಳಲ್ಲಿ ಹರಿದಾಡುತ್ತಿವೆ. ಅಂಥ ತೆರಿಗೆಯಿಲ್ಲ. ಈ ದೇಶಗಳು ತಮ್ಮ ವಿದೇಶಿ ವಿನಿಮಯದ ಮೀಸಲಿನ ಒಂದು ಪಾಲನ್ನು ಫ್ರಾನ್ಸಿನ ಖಜಾನೆಯಲ್ಲಿ ಇಡಬೇಕಿತ್ತು ಎಂಬುದು ನಿಜ. ಮೊದಲು ಪೂರ್ತಿ ಮೀಸಲನ್ನು, 1970ರ ದಶಕದಿಂದ 65 ಶೇಕಡವನ್ನು, ಈ ಶತಮಾನದ ಮೊದಲ ದಶಕದಿಂದ ಅರ್ಧದಷ್ಟನ್ನು ಇಡುವ ಕಟ್ಟಳೆಯಿತ್ತು. ಆದರೆ ಆ ಹಣ ಆಫ್ರಿಕನ್ ದೇಶಗಳದೇ ಆಗಿತ್ತು, ಅದಕ್ಕೆ ಬಡ್ಡಿಯೂ ಸಲ್ಲುತ್ತಿತ್ತು. ಹುಸಿ ಅಂಕಿಯನ್ನು ಹಿಡಿದು ನ್ಯಾಯವಾದ ದೂರನ್ನು ಹೇಳಹೊರಟರೆ ಎದುರಾಳಿ ಆ ಅಂಕಿಯನ್ನು ಅಲ್ಲಗಳೆದು ದೂರನ್ನೇ ತಳ್ಳಿಹಾಕುತ್ತಾನೆ. ಇಲ್ಲಿನ ಅನ್ಯಾಯ ಫ್ರಾನ್ಸ್ ಎಷ್ಟು ಹಣ ಕಸಿದುಕೊಂಡಿತು ಎಂಬುದರಲ್ಲಿಲ್ಲ. ಸ್ವತಂತ್ರ ದೇಶವೊಂದು ತಾನೇ ತೆಗೆದುಕೊಳ್ಳಬೇಕಾದ ಯಾವ ಯಾವ ನಿರ್ಧಾರಗಳು ಅದರ ಕೈಯಲ್ಲಿ ಉಳಿಯಲಿಲ್ಲ ಎಂಬುದರಲ್ಲಿದೆ.

ಈ ಏರ್ಪಾಡು ಹೇಗೆ ನೆಲೆಗೊಂಡಿತು ಎಂಬುದನ್ನು ತಿಳಿಯಲು 1958ಕ್ಕೆ ಹೋಗಬೇಕು. ಆ ವರ್ಷ ಜನರಲ್ ಡಿ ಗಾಲ್ ಫ್ರಾನ್ಸಿಗೆ ಹೊಸ ಸಂವಿಧಾನವನ್ನು ರೂಪಿಸಿ, ಫ್ರಾನ್ಸ್ ಮತ್ತು ಅದರ ವಸಾಹತುಗಳು ಸೇರಿದ ಒಂದು ಸಮುದಾಯವನ್ನು ಕಟ್ಟುವ ಪ್ರಸ್ತಾಪವನ್ನು ಜನಮತಕ್ಕೆ ಹಾಕಿದರು. ಬೇಡವೆಂದವರು ಕೂಡಲೇ ಸ್ವತಂತ್ರರಾಗಬಹುದು, ಆದರೆ ಫ್ರಾನ್ಸಿನ ನೆರವನ್ನು ಮರೆಯಬೇಕು ಎಂಬುದು ಅದರ ಷರತ್ತು. ಆಗಸ್ಟ್ 25ರಂದು ಕೊನಾಕ್ರಿಗೆ ಬಂದ ಡಿ ಗಾಲ್ ಅವರ ಎದುರಿನಲ್ಲೇ ಗಿನಿಯ ನಾಯಕ ಸೆಕು ತುರೆ, ಗುಲಾಮಗಿರಿಯ ಸಿರಿವಂತಿಕೆಗಿಂತ ಸ್ವಾತಂತ್ರ್ಯದ ಬಡತನವೇ ನಮಗೆ ಇಷ್ಟ ಎಂಬರ್ಥದ ಮಾತನ್ನು ಆಡಿದರು. ಸೆಪ್ಟೆಂಬರ್ 28ರ ಮತದಾನದಲ್ಲಿ ಗಿನಿಯ 95 ಶೇಕಡಕ್ಕೂ ಹೆಚ್ಚು ಮತದಾರರು ಬೇಡವೆಂದರು. ಆಫ್ರಿಕಾದ ಫ್ರೆಂಚ್ ವಸಾಹತುಗಳಲ್ಲಿ ಹಾಗೆ ಹೇಳಿದ್ದು ಅದೊಂದೇ. ಅಕ್ಟೋಬರ್ 2ಕ್ಕೆ ಅದು ಸ್ವತಂತ್ರವಾಯಿತು.

ಮುಂದೆ ನಡೆದದ್ದನ್ನು ನಮ್ಮ ಶಾಲಾ ಪಠ್ಯಗಳಲ್ಲಿ ಎಲ್ಲೂ ನಾನು ಕಂಡಿಲ್ಲ. ಕೆಲವೇ ವಾರಗಳಲ್ಲಿ ಫ್ರೆಂಚ್ ಅಧಿಕಾರಿಗಳು, ವೈದ್ಯರು, ಅಧ್ಯಾಪಕರು, ತಂತ್ರಜ್ಞರು ಗುಂಪುಗುಂಪಾಗಿ ಹೊರಟರು. ಹೊರಡುವ ಮುನ್ನ ಕಚೇರಿಗಳ ಟೆಲಿಫೋನುಗಳನ್ನು ಕಿತ್ತರು, ಕಡತಗಳನ್ನು ಸುಟ್ಟರು ಅಥವಾ ಒಯ್ದರು, ಔಷಧದ ದಾಸ್ತಾನುಗಳನ್ನು ಹಾಳುಮಾಡಿದರು. ಸಾಲ, ನೆರವು, ಮಾರುಕಟ್ಟೆ ಎಲ್ಲವೂ ಒಟ್ಟಿಗೇ ನಿಂತವು. ವರ್ಷದ ಹಿಂದಷ್ಟೇ ಸ್ವತಂತ್ರವಾಗಿದ್ದ ಘಾನಾ ಒಂದು ಕೋಟಿ ಪೌಂಡುಗಳ ಸಾಲದ ಭರವಸೆ ಕೊಟ್ಟು ಆಸರೆಯಾಯಿತು. 1960ರ ಮಾರ್ಚ್ 1ರಂದು ಗಿನಿ ತನ್ನದೇ ನಾಣ್ಯವನ್ನು ಚಲಾವಣೆಗೆ ತಂದಾಗ ಫ್ರಾನ್ಸಿನ ಗುಪ್ತಚರ ಇಲಾಖೆ ಆ ನೋಟುಗಳ ನಕಲಿಗಳನ್ನು ಅಚ್ಚುಹಾಕಿ ದೇಶದೊಳಗೆ ಸುರಿಯಿತು. ಈ ಕಾರ್ಯಾಚರಣೆಯನ್ನು ಆ ಇಲಾಖೆಯ ಆಫ್ರಿಕಾ ವಿಭಾಗದ ಹಿರಿಯ ಅಧಿಕಾರಿಯೊಬ್ಬರೇ ನಂತರದ ವರ್ಷಗಳಲ್ಲಿ ಬಹಿರಂಗವಾಗಿ ಒಪ್ಪಿಕೊಂಡಿದ್ದಾರೆ. ಒಂದು ದೇಶವನ್ನು ಶಿಕ್ಷಿಸಲು ಅದರ ಮೇಲೆ ಬಾಂಬು ಹಾಕಬೇಕೆಂದಿಲ್ಲ, ಅದರ ಜನ ತಮ್ಮ ಹಣವನ್ನು ನಂಬದಂತೆ ಮಾಡಿದರೂ ಸಾಕು ಎಂಬುದನ್ನು ಗಿನಿಯ ಅನುಭವ ಉಳಿದೆಲ್ಲ ವಸಾಹತುಗಳ ನಾಯಕರಿಗೆ ಮನದಟ್ಟು ಮಾಡಿತು.

ಸೆಕು ತುರೆಯವರನ್ನು ವೀರರೆಂದು ಹೊಗಳಿ ಇಲ್ಲಿಗೇ ನಿಲ್ಲಿಸಿದರೆ ಗಿನಿಯ ಜನರಿಗೆ ಅನ್ಯಾಯವಾಗುತ್ತದೆ. ಎಲ್ಲೆಡೆ ಪಿತೂರಿಯನ್ನು ಕಾಣತೊಡಗಿದ ಅವರು ಕಾಲು ಶತಮಾನ ದೇಶವನ್ನು ಭಯದಲ್ಲಿ ಆಳಿದರು. ಬ್ವಾರೊ ಸೆರೆಶಿಬಿರದಲ್ಲಿ ಸತ್ತವರಲ್ಲಿ ಆಫ್ರಿಕನ್ ಏಕತಾ ಸಂಘಟನೆಯ ಮೊದಲ ಮಹಾಕಾರ್ಯದರ್ಶಿಯಾಗಿದ್ದ ದಿಯಾಲೊ ತೆಲ್ಲಿ ಕೂಡ ಒಬ್ಬರು. ಅವರು ಅಲ್ಲಿ ಜೀವ ಬಿಟ್ಟದ್ದು 1977ರಲ್ಲಿ. ಹೊರಗಿನ ಪಿತೂರಿ ನಿಜವಾಗಿತ್ತು, ಆ ಪಿತೂರಿಯ ಹೆಸರಿನಲ್ಲಿ ಒಳಗೆ ನಡೆದ ಕ್ರೌರ್ಯವೂ ನಿಜವಾಗಿತ್ತು. ಒಂದನ್ನು ಹೇಳಿ ಇನ್ನೊಂದನ್ನು ಮರೆಸುವ ಬರವಣಿಗೆ ಎರಡೂ ಕಡೆ ಬಹಳವಾಗಿದೆ.

1960ರಲ್ಲಿ ಆಫ್ರಿಕಾದ 17 ದೇಶಗಳು ಸ್ವತಂತ್ರವಾದವು, ಅವುಗಳಲ್ಲಿ 14 ಫ್ರಾನ್ಸಿನ ಆಳ್ವಿಕೆಯಲ್ಲಿದ್ದವು. ಸ್ವಾತಂತ್ರ್ಯದ ಕಾಗದಕ್ಕೆ ಜೋಡಿಯಾಗಿ ‘ಸಹಕಾರ ಒಪ್ಪಂದ’ಗಳೆಂಬ ಕಾಗದಗಳ ಕಟ್ಟೂ ಬಂತು. ಒಂದು ಕೊಡಬೇಕಾದರೆ ಇನ್ನೊಂದಕ್ಕೆ ಸಹಿ ಬೀಳಬೇಕು ಎಂಬುದನ್ನು ಆಗಿನ ಫ್ರೆಂಚ್ ಪ್ರಧಾನಿ ಮಿಶೆಲ್ ದೆಬ್ರೆ ಗ್ಯಾಬನ್ನಿನ ನಾಯಕ ಲಿಯಾನ್ ಎಂಬಾ ಅವರಿಗೆ ಬರೆದ ಪತ್ರದಲ್ಲಿ ಮರೆಮಾಚದೆ ತಿಳಿಸಿದ್ದರು. ಹಣ, ರಕ್ಷಣೆ, ವಿದೇಶಾಂಗ ನೀತಿ, ಉನ್ನತ ಶಿಕ್ಷಣ ಎಲ್ಲವೂ ಆ ಕಟ್ಟಿನೊಳಗಿತ್ತು. 1961ರ ಏಪ್ರಿಲಿನಲ್ಲಿ ಐವರಿ ಕೋಸ್ಟ್, ದಹೋಮಿ (ಈಗಿನ ಬೆನಿನ್) ಮತ್ತು ನೈಜರ್ ಸಹಿ ಹಾಕಿದ ರಕ್ಷಣಾ ಒಪ್ಪಂದದ ಅನುಬಂಧವು ಯುರೇನಿಯಂ, ತೈಲ ಮೊದಲಾದ ಆಯಕಟ್ಟಿನ ವಸ್ತುಗಳ ಮಾರಾಟದಲ್ಲಿ ಫ್ರಾನ್ಸಿಗೆ ಮೊದಲ ಆದ್ಯತೆ ಕೊಟ್ಟಿತು. ದೇಶ ಕಾಯುವ ಒಪ್ಪಂದದೊಳಗೆ ಗಣಿಯ ಒಪ್ಪಂದವನ್ನು ಹೊಲಿದು ಸೇರಿಸಲಾಗಿತ್ತು. 1964ರ ಫೆಬ್ರುವರಿಯಲ್ಲಿ ಗ್ಯಾಬನ್ನಿನ ಸೈನಿಕರು ಲಿಯಾನ್ ಎಂಬಾ ಅವರನ್ನು ಕೆಳಗಿಳಿಸಿದಾಗ ಫ್ರೆಂಚ್ ಪ್ಯಾರಾಟ್ರೂಪರ್‌ಗಳು ಬಂದಿಳಿದು ಎರಡು ಮೂರು ದಿನಗಳೊಳಗೆ ಅವರನ್ನು ಮತ್ತೆ ಗದ್ದುಗೆಯ ಮೇಲೆ ಕೂರಿಸಿದರು.

ಈ ಕಟ್ಟಿನಿಂದ ಹೊರಬರಲು ಯತ್ನಿಸಿದವರಿದ್ದರು. ಟೋಗೊದ ಅಧ್ಯಕ್ಷ ಸಿಲ್ವಾನಸ್ ಒಲಿಂಪಿಯೊ ಸ್ವಂತ ನಾಣ್ಯ ಮತ್ತು ಸ್ವಂತ ಕೇಂದ್ರೀಯ ಬ್ಯಾಂಕಿಗೆ ಸಿದ್ಧತೆ ನಡೆಸಿದ್ದರು. 1963ರ ಜನವರಿ 13ರಂದು, ಫ್ರೆಂಚ್ ಸೇನೆಯಿಂದ ಬಿಡುಗಡೆಯಾಗಿ ಬಂದು ಕೆಲಸ ಸಿಗದೆ ಕುದಿಯುತ್ತಿದ್ದ ಸೈನಿಕರ ಗುಂಪೊಂದು ಅವರನ್ನು ಕೊಂದಿತು. ಕೊಲೆಗೂ ನಾಣ್ಯದ ಯೋಜನೆಗೂ ನೇರ ಸಂಬಂಧವನ್ನು ಯಾರೂ ಸಾಬೀತುಪಡಿಸಿಲ್ಲ. ಯೋಜನೆ ಮಾತ್ರ ಅವರೊಂದಿಗೇ ಮಣ್ಣಾಯಿತು. ಮಾಲಿಯ ಮೊದಿಬೊ ಕೇಟಾ 1962ರಲ್ಲಿ ಸ್ವಂತ ಫ್ರಾಂಕನ್ನು ತಂದರು. ಅಕ್ಕಪಕ್ಕದ ದೇಶಗಳೊಂದಿಗಿನ ವ್ಯಾಪಾರ ಕಡಿದುಹೋಗಿ, ಕಳ್ಳಸಾಗಣೆ ಹೆಚ್ಚಿ, 1967ರಲ್ಲಿ ಅದರ ಬೆಲೆಯನ್ನು ಅರ್ಧಕ್ಕಿಳಿಸಬೇಕಾಯಿತು, ಮರುವರ್ಷ ಅವರ ಸರ್ಕಾರವೇ ಉರುಳಿತು, 1984ರಲ್ಲಿ ಮಾಲಿ ಮರಳಿ ಸಿಎಫ್‌ಎ ವಲಯಕ್ಕೆ ಸೇರಿತು. ಮಾರಿಟಾನಿಯಾ ಮತ್ತು ಮಡಗಾಸ್ಕರ್ 1973ರಲ್ಲಿ ಹೊರಬಂದವು, ಮತ್ತೆ ಹೋಗಲಿಲ್ಲ. ಹೊರಬರುವುದು ಅಸಾಧ್ಯವಲ್ಲ, ಒಂಟಿಯಾಗಿ ಹೊರಬರುವುದು ದುಬಾರಿ.

ಈಗ 14 ದೇಶಗಳು ಈ ಹಣವನ್ನು ಬಳಸುತ್ತವೆ. ಪಶ್ಚಿಮದ ಎಂಟು ದೇಶಗಳಿಗೆ ಸೆನೆಗಲ್‌ನ ಡಾಕರ್‌ನಲ್ಲೊಂದು ಕೇಂದ್ರೀಯ ಬ್ಯಾಂಕು, ಮಧ್ಯ ಆಫ್ರಿಕಾದ ಆರಕ್ಕೆ ಕ್ಯಾಮರೂನಿನ ಯೌಂಡೆಯಲ್ಲಿ ಇನ್ನೊಂದು; ಎರಡೂ ಬ್ಯಾಂಕುಗಳ ಪ್ರಧಾನ ಕಚೇರಿಗಳು 1970ರ ದಶಕದ ಕೊನೆಯವರೆಗೂ ಪ್ಯಾರಿಸ್ಸಿನಲ್ಲೇ ಇದ್ದವು. ಒಂದು ಯುರೋಗೆ 655.957 ಸಿಎಫ್‌ಎ ಫ್ರಾಂಕ್ ಎಂಬ ದರ 1999ರ ಜನವರಿಯಿಂದ ಕದಲಿಲ್ಲ. ಮೀಸಲು ಬರಿದಾದರೂ ಆ ದರದಲ್ಲಿ ಯುರೋ ಕೊಡುತ್ತೇನೆಂಬ ಖಾತ್ರಿ ಫ್ರಾನ್ಸಿನದು. ಇದರ ಲಾಭವನ್ನು ಅಲ್ಲಗಳೆಯಬಾರದು. ಪಕ್ಕದ ಘಾನಾದಲ್ಲಿ 2022ರ ಕೊನೆಗೆ ಹಣದುಬ್ಬರ 50 ಶೇಕಡವನ್ನು ಮೀರಿದ್ದಾಗ ಐವರಿ ಕೋಸ್ಟಿನಲ್ಲಿ ಅದು ಹತ್ತಕ್ಕಿಂತ ಬಹಳ ಕೆಳಗಿತ್ತು. ಘಾನಾದ ರಾಜಧಾನಿ ಅಕ್ರಾದಲ್ಲಿ ಉಳಿತಾಯ ಕರಗಿಹೋದ ಅಧ್ಯಾಪಕಿಯ ಮುಂದೆ ನಿಂತು ಸ್ವಂತ ನಾಣ್ಯದ ಹಿರಿಮೆಯನ್ನು ಸಾರುವುದು ಸುಲಭವಲ್ಲ. ಈ ಕಾರಣಕ್ಕಾಗಿಯೇ ಐವರಿ ಕೋಸ್ಟಿನ ಅಬಿಜಾನ್ ಮತ್ತು ಡಾಕರ್‌ನ ಅನೇಕ ಪ್ರಾಮಾಣಿಕ ಅರ್ಥಶಾಸ್ತ್ರಜ್ಞರು ಇಂದಿಗೂ ಸಿಎಫ್‌ಎ ಪರವಾಗಿದ್ದಾರೆ.

ಆದರೆ ಆ ಸ್ಥಿರತೆಗೆ ಯಾರು ಬೆಲೆ ತೆತ್ತರು ಎಂದು ಹತ್ತಿ ಬೆಳೆಯುವ ರೈತನನ್ನು ಕೇಳಬೇಕು. ಮಾಲಿ, ಬುರ್ಕಿನಾ ಫಾಸೊ, ಬೆನಿನ್, ಚಾಡ್ ದೇಶಗಳ ಹತ್ತಿ ಜಗತ್ತಿನ ಮಾರುಕಟ್ಟೆಯಲ್ಲಿ ಡಾಲರಿನಲ್ಲಿ ಮಾರಾಟವಾಗುತ್ತದೆ, ರೈತನ ಖರ್ಚು ಸಿಎಫ್‌ಎಯಲ್ಲಿ ಆಗುತ್ತದೆ, ಸಿಎಫ್‌ಎ ಯುರೋವನ್ನು ಅಂಟಿಕೊಂಡಿದೆ. 2002ರ ಸುಮಾರಿಗೆ ಡಾಲರಿಗಿಂತ ಕಡಿಮೆ ಬೆಲೆಯಿದ್ದ ಯುರೋ 2008ರ ಮಧ್ಯಭಾಗದಲ್ಲಿ 1.60 ಡಾಲರಿನ ಹತ್ತಿರ ಏರಿತು. ಅದಕ್ಕೆ ಕಾರಣ ಯುರೋಪಿನದು, ಅಮೆರಿಕದ್ದು. ಪರಿಣಾಮ ಮಾತ್ರ ಸಹಾರಾದ ದಕ್ಷಿಣ ಅಂಚಿನ ಸಾಹೇಲ್ ಪ್ರದೇಶದ ಹೊಲಗಳ ಮೇಲೆ ಬಿತ್ತು. ಅದೇ ಒಂದು ಡಾಲರಿಗೆ ರೈತನ ಕೈಸೇರುವ ಫ್ರಾಂಕುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾದವು. ಬೇರೆ ಯಾವುದೇ ದೇಶವಾದರೆ ಇಂಥ ಹೊತ್ತಿನಲ್ಲಿ ತನ್ನ ಹಣದ ಬೆಲೆಯನ್ನು ತುಸು ಇಳಿಸಿ ರಫ್ತುದಾರರನ್ನು ಉಳಿಸಿಕೊಳ್ಳುತ್ತದೆ. ಇವಕ್ಕೆ ಆ ದಾರಿ ಮುಚ್ಚಿತ್ತು. ಬೆಳೆಗೆ ಸುರಿದ ಖರ್ಚಿಗೂ ಕೈಗೆ ಬಂದ ದರಕ್ಕೂ ತಾಳೆಯಾಗದ ಸಂಕಟ ಹಾವೇರಿ, ರಾಯಚೂರಿನ ಹತ್ತಿ ಬೆಳೆಗಾರರಿಗೆ ಹೊಸದಲ್ಲ. ಆದರೆ ನಮ್ಮ ರೈತ ಬೆಂಗಳೂರಿಗೋ ದಿಲ್ಲಿಗೋ ಹೋಗಿ ಕೂಗಬಹುದು. ಫ್ರಾಂಕ್‌ಫರ್ಟಿನಲ್ಲಿ ಕೂತು ಯುರೋವನ್ನು ನಿಭಾಯಿಸುವ ಬ್ಯಾಂಕಿಗೆ ಬುರ್ಕಿನಾದ ರೈತನ ಕೂಗನ್ನು ಕೇಳಿಸಿಕೊಳ್ಳುವ ಹೊಣೆಯೇ ಇಲ್ಲ.

ಬೆಲೆ ಇಳಿದ ಒಂದು ಸಂದರ್ಭವೂ ಇದೆ, ಅದು ಇನ್ನೂ ಹೆಚ್ಚು ಕಲಿಸುತ್ತದೆ. ಸುಮಾರು ನಾಲ್ಕೂವರೆ ದಶಕಗಳ ಕಾಲ 50 ಸಿಎಫ್‌ಎ ಒಂದು ಫ್ರೆಂಚ್ ಫ್ರಾಂಕಿಗೆ ಸಮ ಎಂಬ ದರ ನಡೆದುಕೊಂಡು ಬಂದಿತ್ತು. 1980ರ ದಶಕದಲ್ಲಿ ಕೋಕೊ, ಕಾಫಿ, ತೈಲಗಳ ಬೆಲೆ ಕುಸಿದು ಈ ದೇಶಗಳು ಸಾಲದಲ್ಲಿ ಮುಳುಗಿದಾಗ ಆ ದರವನ್ನು ಉಳಿಸಬೇಕೆಂದು ಹಟ ಹಿಡಿದವರಲ್ಲಿ ಐವರಿ ಕೋಸ್ಟಿನ ಮುದಿ ಅಧ್ಯಕ್ಷ ಫೆಲಿಕ್ಸ್ ಉಫ್ವೆ ಬ್ವಾನಿ ಪ್ರಮುಖರು. 1993ರಲ್ಲಿ ಫ್ರೆಂಚ್ ಪ್ರಧಾನಿ ಎದುವಾರ್ ಬಲಾದೂರ್, ಅಂತರರಾಷ್ಟ್ರೀಯ ಹಣಕಾಸು ನಿಧಿಯ ಷರತ್ತಿಗೆ ಒಪ್ಪದವರಿಗೆ ಫ್ರಾನ್ಸಿನ ನೆರವಿಲ್ಲ ಎಂದು ಸಾರಿದರು. ಡಿಸೆಂಬರ್ 7ರಂದು ಉಫ್ವೆ ಬ್ವಾನಿ ತೀರಿಕೊಂಡರು. ಅವರ ಅಂತ್ಯಸಂಸ್ಕಾರ ನಡೆಯುವುದಕ್ಕೂ ಮೊದಲೇ, 1994ರ ಜನವರಿ 11ರ ರಾತ್ರಿ ಡಾಕರ್‌ನಲ್ಲಿ, ಫ್ರಾನ್ಸಿನ ಸಚಿವರೂ ಹಣಕಾಸು ನಿಧಿಯ ಮುಖ್ಯಸ್ಥ ಮಿಶೆಲ್ ಕಾಮ್‌ಡೆಸ್ಸು ಅವರೂ ಹಾಜರಿದ್ದ ಸಭೆಯಲ್ಲಿ 13 ದೇಶಗಳ ಹಣದ ಬೆಲೆ ಒಂದೇ ಏಟಿಗೆ ಅರ್ಧಕ್ಕಿಳಿಯಿತು. ಬೆಳಗಾಗುವಷ್ಟರಲ್ಲಿ ಆಮದಾಗುವ ಅಕ್ಕಿ, ಔಷಧ, ಪಠ್ಯಪುಸ್ತಕ ಎಲ್ಲದರ ಬೆಲೆ ದುಪ್ಪಟ್ಟಾಗುವ ಹಾದಿ ಹಿಡಿಯಿತು. ಅಪಮೌಲ್ಯ ಬೇಡವಿತ್ತೆಂದು ನಾನು ಹೇಳುತ್ತಿಲ್ಲ. ಅದು ಆಗಬೇಕಿತ್ತು, ಬಹುಶಃ ಹತ್ತು ವರ್ಷ ಮೊದಲೇ, ಸ್ವಲ್ಪಸ್ವಲ್ಪವಾಗಿ, ಒಂದೊಂದು ದೇಶಕ್ಕೆ ಒಂದೊಂದು ಪ್ರಮಾಣದಲ್ಲಿ ಆಗಬೇಕಿತ್ತು. ತೈಲ ಮಾರುವ ಗ್ಯಾಬನ್ನಿಗೂ ಮರಳುಗಾಡಿನ ಅಂಚಿನ ನೈಜರಿಗೂ ಒಂದೇ ಅಳತೆ, ಒಂದೇ ರಾತ್ರಿ ಎಂಬ ತೀರ್ಮಾನದಲ್ಲಿ ಆ ದೇಶಗಳ ಸಂಸತ್ತುಗಳಿಗಾಗಲಿ ಜನರಿಗಾಗಲಿ ಮಾತೇ ಇರಲಿಲ್ಲ.

ಇದನ್ನು ನಮ್ಮ ಅನುಭವದ ಪಕ್ಕದಲ್ಲಿ ಇಟ್ಟು ನೋಡಬೇಕು. ನಾವು ಸ್ವತಂತ್ರರಾದಾಗ ರೂಪಾಯಿಯೂ ಪೌಂಡಿಗೆ ಕಟ್ಟಿಕೊಂಡಿತ್ತು. ಯುದ್ಧಕಾಲದಲ್ಲಿ ಬ್ರಿಟನ್ ನಮ್ಮಿಂದ ಕಡವಾಗಿ ಪಡೆದ ಸರಕು ಸೇವೆಗಳ ಲೆಕ್ಕವಾಗಿ ಲಂಡನ್ನಿನಲ್ಲಿ 100 ಕೋಟಿ ಪೌಂಡಿಗೂ ಹೆಚ್ಚು ಬಾಕಿಯಿತ್ತು, ಬಂಗಾಳದ ಬರಗಾಲದ ಬೆಲೆ ತೆತ್ತು ಕೂಡಿದ ಬಾಕಿ ಅದು. ಅದನ್ನು ಬ್ರಿಟನ್ ಒಮ್ಮೆಗೇ ಬಿಡಲಿಲ್ಲ. ಕಂತುಕಂತಾಗಿ, ಚೌಕಾಸಿ ಮಾಡಿ ಬಿಟ್ಟಿತು. ಆದರೆ ನಮ್ಮಲ್ಲಿ ರಿಸರ್ವ್ ಬ್ಯಾಂಕ್ ಇತ್ತು, 1949ರ ಜನವರಿ 1ರಂದು ಅದು ರಾಷ್ಟ್ರದ ಸ್ವತ್ತಾಯಿತು. ಅದೇ ಸೆಪ್ಟೆಂಬರಿನಲ್ಲಿ ಬ್ರಿಟನ್ ಪೌಂಡನ್ನು ಅಪಮೌಲ್ಯಗೊಳಿಸಿದಾಗ ದಿಲ್ಲಿ ಯೋಚಿಸಿ ರೂಪಾಯಿಯನ್ನೂ ಇಳಿಸಿತು. ಕರಾಚಿ ಒಪ್ಪಲಿಲ್ಲ, ಪಾಕಿಸ್ತಾನದ ರೂಪಾಯಿಯನ್ನು ಇದ್ದಲ್ಲೇ ಉಳಿಸಿಕೊಂಡಿತು, ಅದರಿಂದ ಸೆಣಬಿನ ವ್ಯಾಪಾರದಲ್ಲಿ ಎರಡೂ ದೇಶಗಳು ಪಡಬಾರದ ಪಾಡುಪಟ್ಟವು. ಯಾರ ತೀರ್ಮಾನ ಸರಿ ಎಂಬ ಚರ್ಚೆ ಬೇರೆ. ಎರಡು ವರ್ಷದ ಎರಡು ದೇಶಗಳು ಒಂದೇ ಪ್ರಶ್ನೆಗೆ ಎರಡು ಉತ್ತರ ಕೊಡಬಲ್ಲವಾಗಿದ್ದವು, ತಪ್ಪಿದರೆ ತಮ್ಮ ತಪ್ಪಿಗೆ ತಾವೇ ಹೊಣೆಯಾಗಬಲ್ಲವಾಗಿದ್ದವು. 1969ರಲ್ಲಿ ಫ್ರಾನ್ಸ್ ತನ್ನ ಫ್ರಾಂಕನ್ನು ಇಳಿಸಿದಾಗ ಸಿಎಫ್‌ಎ ತಾನಾಗಿಯೇ ಜೊತೆಗೆ ಇಳಿಯಿತು. ಸ್ವತಂತ್ರರಾಗಿ ಒಂಬತ್ತು ವರ್ಷವಾಗಿದ್ದ ದೇಶಗಳ ಅಭಿಪ್ರಾಯವನ್ನು ಮೊದಲೇ ಕೇಳಬೇಕೆಂದು ಪ್ಯಾರಿಸ್ಸಿಗೆ ಅನ್ನಿಸಲಿಲ್ಲ.

2019ರ ಡಿಸೆಂಬರ್ 21ರಂದು ಫ್ರಾನ್ಸಿನ ಅಧ್ಯಕ್ಷ ಎಮಾನ್ಯುಯೆಲ್ ಮ್ಯಾಕ್ರನ್ ಮತ್ತು ಐವರಿ ಕೋಸ್ಟಿನ ಅಧ್ಯಕ್ಷ ಅಲಸಾನ್ ವತ್ತಾರಾ ಅಬಿಜಾನ್‌ನಲ್ಲಿ ಸುಧಾರಣೆಯೊಂದನ್ನು ಪ್ರಕಟಿಸಿದರು. ಪಶ್ಚಿಮದ ಎಂಟು ದೇಶಗಳು ಇನ್ನು ಮುಂದೆ ಫ್ರೆಂಚ್ ಖಜಾನೆಯಲ್ಲಿ ಮೀಸಲು ಇಡಬೇಕಿಲ್ಲ, ಬ್ಯಾಂಕಿನ ಆಡಳಿತ ಮಂಡಳಿಯಲ್ಲಿ ಫ್ರಾನ್ಸಿನ ಪ್ರತಿನಿಧಿಗಳು ಕೂರುವುದಿಲ್ಲ, ಹಣಕ್ಕೆ ‘ಇಕೊ’ ಎಂಬ ಹೊಸ ಹೆಸರು ಬರುತ್ತದೆ ಎಂದರು. ಮೊದಲ ಎರಡು ಜಾರಿಯಾದವು, ಹೊಸ ಹೆಸರು ಇನ್ನೂ ನೋಟಿನ ಮೇಲೆ ಬಂದಿಲ್ಲ. ಖಾತ್ರಿ ಫ್ರಾನ್ಸಿನದೇ ಆಗಿ ಉಳಿಯಿತು, ದರವೂ ಉಳಿಯಿತು. ಮಧ್ಯ ಆಫ್ರಿಕಾದ ಆರು ದೇಶಗಳನ್ನು ಈ ಸುಧಾರಣೆ ಮುಟ್ಟಲೇ ಇಲ್ಲ. ವತ್ತಾರಾ ಸ್ವತಃ ಡಾಕರ್‌ನ ಆ ಕೇಂದ್ರೀಯ ಬ್ಯಾಂಕಿನ ಗವರ್ನರ್ ಆಗಿದ್ದವರು, ಹಣಕಾಸು ನಿಧಿಯಲ್ಲಿ ಉನ್ನತ ಹುದ್ದೆಯಲ್ಲಿದ್ದವರು, ಈ ವ್ಯವಸ್ಥೆಯನ್ನು ಮನಃಪೂರ್ವಕವಾಗಿ ನಂಬಿದವರು.

ಇಲ್ಲಿ ಪ್ಯಾರಿಸ್ಸನ್ನು ಮಾತ್ರ ದೂರಿದರೆ ಕಥೆ ಅರ್ಧವಾಗುತ್ತದೆ. ಯುರೋಗೆ ಕಟ್ಟಿದ ಗಟ್ಟಿ ಹಣ, ತಡೆಯಿಲ್ಲದೆ ಹಣ ಹೊರಗೆ ಸಾಗಿಸುವ ಅವಕಾಶ, ಇವೆರಡೂ ಅಲ್ಲಿನ ಆಳುವವರಿಗೂ ಬೇಕಾಗಿವೆ. ಈಕ್ವಟೋರಿಯಲ್ ಗಿನಿಯ ಅಧ್ಯಕ್ಷರ ಮಗ, ಉಪಾಧ್ಯಕ್ಷ ತಿಯೊಡೊರೊ ಒಬಿಯಾಂಗ್ ಪ್ಯಾರಿಸ್ಸಿನ ಅವೆನ್ಯೂ ಫೋಷ್‌ನಲ್ಲಿ ಹೊಂದಿದ್ದ ಅರಮನೆಯಂಥ ಮನೆ ಮತ್ತು ದುಬಾರಿ ಕಾರುಗಳು ಸ್ವದೇಶದ ಸಾರ್ವಜನಿಕ ಹಣದಿಂದ ಬಂದವೆಂದು ಫ್ರೆಂಚ್ ನ್ಯಾಯಾಲಯವೇ ತೀರ್ಪಿತ್ತಿತು, 2021ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಹಳ್ಳಿಯ ರೈತನಿಗೆ ಸಾಲ ಸಿಗದ ನಾಡಿನಿಂದ ಇಷ್ಟು ಹಣ ಇಷ್ಟು ಸಲೀಸಾಗಿ ಹೊರಟುಹೋಗುವುದು ಹಳೆಯ ಒಡೆಯ ಮತ್ತು ಹೊಸ ಒಡೆಯ ಇಬ್ಬರ ಸಮ್ಮತಿಯೂ ಕೂಡಿದಾಗ ಮಾತ್ರ ಸಾಧ್ಯ.

ನೆಲದಿಂದ ತೆಗೆದ ವಸ್ತು ಯಾವ ರೂಪದಲ್ಲಿ ಹೊರಗೆ ಹೋಗುತ್ತದೆ ಎಂಬ ಎರಡನೆಯ ಪ್ರಶ್ನೆಗೆ ಬರುತ್ತೇನೆ. ನೈಜರ್‌ನ ಅರ್ಲಿತ್ ಪಟ್ಟಣದ ಬಳಿ 1971ರಿಂದ ಯುರೇನಿಯಂ ತೆಗೆಯಲಾಗುತ್ತಿದೆ. 2022ರಲ್ಲಿ ಯುರೋಪಿಯನ್ ಒಕ್ಕೂಟ ಕೊಂಡ ಯುರೇನಿಯಂನಲ್ಲಿ ಸುಮಾರು ಕಾಲುಭಾಗ ನೈಜರ್‌ನದಾಗಿತ್ತು. ಅದೇ ನೈಜರ್‌ನ ಬಹುಪಾಲು ಮನೆಗಳಲ್ಲಿ ವಿದ್ಯುತ್ತಿಲ್ಲ, ಇರುವ ವಿದ್ಯುತ್ತಿನಲ್ಲಿ ದೊಡ್ಡ ಪಾಲು ನೈಜೀರಿಯಾದಿಂದ ಬರುತ್ತದೆ. 2023ರ ಜುಲೈ ಕ್ಷಿಪ್ರಕ್ರಾಂತಿಯ ನಂತರ ನೈಜೀರಿಯಾ ತಂತಿ ಕಡಿದಾಗ ರಾಜಧಾನಿ ನಿಯಾಮೆ ಕತ್ತಲಲ್ಲಿ ಕೂತಿತು. ಮೊದಲ ಅಧ್ಯಕ್ಷ ಹಮಾನಿ ದಿಯೋರಿ 1974ರಲ್ಲಿ, ತೈಲಬೆಲೆ ನೆಗೆದ ಸಮಯದಲ್ಲಿ, ಯುರೇನಿಯಂಗೆ ಹೆಚ್ಚಿನ ಬೆಲೆ ಕೇಳಿ ಫ್ರಾನ್ಸಿನೊಂದಿಗೆ ಮಾತುಕತೆಗೆ ಕೂತಿದ್ದರು. ಏಪ್ರಿಲ್ 15ರಂದು ಅವರ ಸೇನೆಯೇ ಅವರನ್ನು ಕೆಳಗಿಳಿಸಿತು. ಬರಗಾಲ, ಭ್ರಷ್ಟಾಚಾರ ಮುಂತಾದ ಒಳಗಿನ ಕಾರಣಗಳು ಬೇಕಾದಷ್ಟಿದ್ದವು, ಪ್ಯಾರಿಸ್ಸಿನ ಕೈವಾಡ ಸಾಬೀತಾಗಿಲ್ಲ. 2025ರ ಜೂನ್‌ನಲ್ಲಿ ನೈಜರ್‌ನ ಸೇನಾ ಸರ್ಕಾರ, ಫ್ರೆಂಚ್ ಕಂಪನಿ ಒರಾನೊ 63 ಶೇಕಡಕ್ಕೂ ಹೆಚ್ಚು ಪಾಲು ಹೊಂದಿದ್ದ ಸೊಮೈರ್ ಗಣಿಯನ್ನು ರಾಷ್ಟ್ರೀಕರಿಸುವುದಾಗಿ ಸಾರಿತು. ಗಣಿಯ ಒಡೆತನ ಬದಲಾದರೂ ಅದುರು ಪುಡಿಯಾಗಿಯೇ ಹೊರಗೆ ಹೋಗಬೇಕು, ಬಂದ ಹಣ ಸಿಎಫ್‌ಎಯಾಗಿಯೇ ಚಲಿಸಬೇಕು. ಚುನಾವಣೆಯಿಲ್ಲದ ಸರ್ಕಾರ ಆ ಆದಾಯದ ಲೆಕ್ಕವನ್ನು ತನ್ನ ಜನರಿಗೆ ಕೊಡುತ್ತದೆಂಬ ಭರವಸೆಯೂ ಇಲ್ಲ.

ಗೇರುಬೀಜದ ವಿಷಯದಲ್ಲಿ ನಾವೇ ಈ ಕಥೆಯೊಳಗಿದ್ದೇವೆ. ಮಂಗಳೂರು ಮತ್ತು ಸುತ್ತಮುತ್ತಲಿನ ಗೇರು ಕಾರ್ಖಾನೆಗಳಿಗೆ ಸ್ಥಳೀಯ ಬೆಳೆ ಎಂದೂ ಸಾಲದು; ಐವರಿ ಕೋಸ್ಟ್, ಬೆನಿನ್, ಗಿನಿ ಬಿಸ್ಸಾವು ಮೊದಲಾದ ದೇಶಗಳ ಕಚ್ಚಾ ಬೀಜ ಹಡಗಿನಲ್ಲಿ ಬಂದರೆ ಮಾತ್ರ ವರ್ಷವಿಡೀ ಕೆಲಸ ನಡೆಯುತ್ತದೆ. ಹೆಸರಿಸಿದ ಮೂರೂ ಸಿಎಫ್‌ಎ ದೇಶಗಳೇ. ಐವರಿ ಕೋಸ್ಟ್ ಜಗತ್ತಿನಲ್ಲೇ ಅತಿಹೆಚ್ಚು ಕಚ್ಚಾ ಗೇರುಬೀಜ ಬೆಳೆಯುವ ದೇಶ, ವರ್ಷಕ್ಕೆ ಹತ್ತು ಲಕ್ಷ ಟನ್ ಮೀರಿದ ಬೆಳೆ. ಅದರ ಬಹುಭಾಗ ಸಿಪ್ಪೆ ಸುಲಿಯದೆ ವಿಯೆಟ್ನಾಮಿಗೂ ಭಾರತಕ್ಕೂ ಬರುತ್ತದೆ. ಸುಲಿಯುವ ಕೆಲಸವನ್ನು ತಮ್ಮ ನೆಲದಲ್ಲೇ ಮಾಡಬೇಕೆಂದು ಆ ದೇಶಗಳು ಹೊರಟಿವೆ, ಬೆನಿನ್ 2024ರಿಂದ ಕಚ್ಚಾ ಬೀಜದ ರಫ್ತನ್ನೇ ನಿಲ್ಲಿಸಿದೆ. ಇತ್ತ ನಮ್ಮ ನೀತಿ ಏನು? ಕಚ್ಚಾ ಬೀಜಕ್ಕೆ ಅಲ್ಪ ಸುಂಕ, ಸುಲಿದ ತಿರುಳಿಗೆ ಭಾರೀ ಸುಂಕ. ಅದರ ಮೇಲೆ 2019ರ ಜೂನ್‌ನಲ್ಲಿ ಒಡೆಯದ ಇಡೀ ತಿರುಳಿಗೆ ಕಿಲೋಗೆ 720 ರೂಪಾಯಿ ಕನಿಷ್ಠ ಆಮದು ಬೆಲೆಯ ಕಟ್ಟು. ನೀನು ಕಚ್ಚಾ ವಸ್ತು ಕಳಿಸು, ಮೌಲ್ಯ ಹೆಚ್ಚಿಸುವ ಕೆಲಸ ನಮಗಿರಲಿ ಎಂಬುದು ಲಂಡನ್, ಪ್ಯಾರಿಸ್ಸುಗಳು ಒಂದು ಕಾಲದಲ್ಲಿ ನಮ್ಮಂಥವರಿಗೆ ಹಾಕಿಕೊಟ್ಟ ನಿಯಮವೇ. ಮ್ಯಾಂಚೆಸ್ಟರಿನ ಗಿರಣಿಗೆ ಹತ್ತಿ ಕಳಿಸಿ ಬಟ್ಟೆ ಕೊಂಡ ನೆನಪುಳ್ಳ ದೇಶ ಆ ನಿಯಮವನ್ನು ಇನ್ನೊಬ್ಬರ ಮೇಲೆ ಹೇರುವುದು ನನಗೆ ಸರಿಯೆನಿಸುವುದಿಲ್ಲ.

ಇದನ್ನು ಬರೆಯುವಾಗ ಗೇರು ಕಾರ್ಖಾನೆಗಳಲ್ಲಿ ಕೂತು ಬೀಜ ಸುಲಿಯುವ ನಮ್ಮ ಕರಾವಳಿಯ ಹೆಂಗಸರನ್ನು ನಾನು ಮರೆತಿಲ್ಲ. ಆ ಕೂಲಿಯಿಂದ ನಡೆಯುವ ಮನೆಗಳು ಸಾವಿರಾರು, ಸುಂಕವನ್ನು ಒಮ್ಮೆಗೇ ತೆಗೆದರೆ ಮೊದಲು ಒಲೆ ಆರುವುದು ಅಲ್ಲಿ. ಆದರೆ ಐವರಿ ಕೋಸ್ಟಿನ ಬುವಾಕೆಯಲ್ಲೂ ಹಾಗೆಯೇ ಬೀಜ ಸುಲಿಯಬಲ್ಲ ಹೆಂಗಸರಿದ್ದಾರೆ. ಒಬ್ಬರ ಬಡತನವನ್ನು ಇನ್ನೊಬ್ಬರ ವಿರುದ್ಧ ನಿಲ್ಲಿಸಿ ಲಾಭ ಮಾಡುವವರು ಇಬ್ಬರೂ ಅಲ್ಲದ ಮೂರನೆಯವರು. ನಮ್ಮಲ್ಲಿ ಹೆಚ್ಚು ಇಳುವರಿಯ ಗೇರು ತಳಿಗಳಿವೆ, ಪುತ್ತೂರಿನಲ್ಲಿ ಕೇಂದ್ರ ಸರ್ಕಾರದ ಗೇರು ಸಂಶೋಧನಾ ಸಂಸ್ಥೆಯಿದೆ. ಸ್ಥಳೀಯ ಬೆಳೆಯನ್ನು ಹೆಚ್ಚಿಸಿ ಆಮದಿನ ಅವಲಂಬನೆಯನ್ನು ತಗ್ಗಿಸುವುದು, ಹುರಿಯುವ, ಮಸಾಲೆ ಬೆರೆಸುವ, ಪೊಟ್ಟಣ ಕಟ್ಟುವ ಮುಂದಿನ ಹಂತಗಳಿಗೆ ನಮ್ಮ ಕೆಲಸಗಾರರನ್ನು ತರಬೇತಿ ಕೊಟ್ಟು ಸಾಗಿಸುವುದು, ಜೊತೆಗೆ ಬಡ ಆಫ್ರಿಕನ್ ದೇಶಗಳ ತಿರುಳಿಗೆ ಹಂತಹಂತವಾಗಿ ಬಾಗಿಲು ತೆರೆಯುವುದು, ಇವು ಹತ್ತು ವರ್ಷದ ಅವಧಿಯಲ್ಲಿ ಖಂಡಿತ ಆಗಬಹುದಾದ ಕೆಲಸಗಳು.

2023ರ ಸೆಪ್ಟೆಂಬರಿನಲ್ಲಿ ದಿಲ್ಲಿಯಲ್ಲಿ ನಡೆದ ಜಿ-20 ಶೃಂಗಸಭೆಯಲ್ಲಿ ಆಫ್ರಿಕನ್ ಒಕ್ಕೂಟಕ್ಕೆ ಕಾಯಂ ಸದಸ್ಯತ್ವ ಕೊಡಿಸಿದ್ದು ಭಾರತ, ಅದು ಹೆಮ್ಮೆಯ ವಿಷಯ. ಆ ಹೆಮ್ಮೆ ಸುಂಕದ ಪಟ್ಟಿಯಲ್ಲೂ ಕಾಣಬೇಕು. ಕನ್ನಡದ ಪತ್ರಿಕೆಗಳಲ್ಲಿ ನನ್ನ ವಿನಂತಿ ಇಷ್ಟೆ: ಸಾಹೇಲ್‌ನ ಸುದ್ದಿಯನ್ನು ಸೈನಿಕರ ಆಗಮನ ನಿರ್ಗಮನಗಳಿಗೆ ಸೀಮಿತಗೊಳಿಸದೆ, ಮಾಲಿ, ಬುರ್ಕಿನಾ ಫಾಸೊ, ನೈಜರ್ ದೇಶಗಳು ಸ್ವಂತ ನಾಣ್ಯದ ಕುರಿತು ಆಡುತ್ತಿರುವ ಮಾತು ಕಾರ್ಯಗತವಾಗುತ್ತದೆಯೇ, ಕಾರ್ಯಗತವಾದರೆ ಆ ನಾಣ್ಯದ ಹಿಂದಿನ ಮೀಸಲು ಎಲ್ಲಿರುತ್ತದೆ, ಅದರ ಬ್ಯಾಂಕಿನ ಲೆಕ್ಕವನ್ನು ಯಾರು ತಪಾಸಣೆ ಮಾಡುತ್ತಾರೆ ಎಂಬುದನ್ನು ವರದಿ ಮಾಡಿ. ಮಂಗಳೂರಿನ ಬಂದರಿಗೆ ಬರುವ ಗೇರುಬೀಜದ ದರದ ಸುದ್ದಿಯ ಜೊತೆಗೆ ಅದನ್ನು ಬೆಳೆದವನಿಗೆ ಎಷ್ಟು ಸಿಕ್ಕಿತೆಂಬುದನ್ನೂ ಬರೆಯಿರಿ. ಮುಂದಿನ ಬಜೆಟ್ಟಿಗೆ ಮುನ್ನ ಗೇರು ತಿರುಳಿನ ಸುಂಕದ ಪ್ರಶ್ನೆಯನ್ನು ಕಾರ್ಖಾನೆ ಮಾಲೀಕರು, ಕಾರ್ಮಿಕ ಸಂಘಗಳು ಮತ್ತು ಕರಾವಳಿಯ ಸಂಸದರ ಮುಂದೆ ಇಟ್ಟು ಚರ್ಚೆಯೊಂದನ್ನು ತಮ್ಮ ಪತ್ರಿಕೆಯೇ ಆರಂಭಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಅರ್ಥಶಾಸ್ತ್ರ ಉಪನ್ಯಾಸಕ,
ಮಂಗಳೂರು